ಹೋಯಾ ಬಳ್ಳಿಯ ಬೋಳು ಕಡ್ಡಿ ಕತ್ತರಿಸಬೇಡಿ

ಹೋಯಾ ಹೂವನ್ನು ಮೊದಲ ಸಲ ಕಂಡವರು ಮುಟ್ಟಿ ನೋಡದೆ ಬಿಡುವುದಿಲ್ಲ. ಮೇಣದಲ್ಲಿ ಅಚ್ಚು ಹಾಕಿ ತೆಗೆದಂಥ ಪುಟಾಣಿ ನಕ್ಷತ್ರಗಳು. ತಿಳಿ ಗುಲಾಬಿ ಬಣ್ಣ, ನಡುವೆ ಕೆಂಪು. ಸಂಜೆಯಾದರೆ ಘಮ ಜಾಸ್ತಿ. ನರ್ಸರಿಯಲ್ಲಿ ‘ವ್ಯಾಕ್ಸ್ ಪ್ಲಾಂಟ್’ ಎಂದು ಕೇಳಿದರೂ ಸಿಗುತ್ತದೆ.

ಇದು ಕಾಡಿನಲ್ಲಿ ಮರವನ್ನು ಅಪ್ಪಿಕೊಂಡು ಬೆಳೆಯುವ ಬಳ್ಳಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದರ ಬಳಗವಿದೆ. ಹಾಗಾಗಿ ಬೇರಿಗೆ ಗಾಳಿ ಬೇಕು, ಬರೀ ಕೆಂಪು ಮಣ್ಣು ಆಗುವುದಿಲ್ಲ. ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಇದ್ದಿಲ ಚೂರು ಒಂದು ಪಾಲು ಬೆರೆಸಿ. ಸಿಪ್ಪೆಯನ್ನು ಹಿಂದಿನ ದಿನವೇ ನೆನೆಹಾಕಿ, ಕಂದು ನೀರು ಚೆಲ್ಲಿ. ಕುಂಡ 4 ಇಂಚಿನದು ಸಾಕು. ದೊಡ್ಡ ಕುಂಡದಲ್ಲಿ ತೇವ ನಿಂತು ಬೇರು ಕೊಳೆಯುತ್ತದೆ.

ಗೆಳತಿಯ ಮನೆಯಿಂದ ತರುವುದಾದರೆ ಎರಡು ಗೆಣ್ಣಿರುವ ತುಂಡು ಕೇಳಿ. ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ, ಅದು ಒಣಗಲಿ. ಆಮೇಲೆ ಒಂದು ಗೆಣ್ಣು ಹೂತುಹೋಗುವಂತೆ ನೆಡಿ. ಅಂಗಡಿಯಲ್ಲಿ ಹೃದಯದಾಕಾರದ ಒಂಟಿ ಎಲೆಯನ್ನು ಕುಂಡಕ್ಕೆ ಸಿಕ್ಕಿಸಿ ಮಾರುತ್ತಾರಲ್ಲ, ಅದೂ ಹೋಯಾನೇ. ಗೆಣ್ಣಿಲ್ಲದಿದ್ದರೆ ವರ್ಷಗಟ್ಟಲೆ ಎಲೆಯಾಗಿಯೇ ಕೂತಿರುತ್ತದೆ.

ಪೂರ್ವದ ಕಿಟಕಿ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ನೀರಿಗೆ ದಿನ ಲೆಕ್ಕ ಹಾಕಬೇಡಿ. ಹಳೆಯ ಎಲೆಯೊಂದನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ ಸುಮ್ಮನಿರಿ, ಸುಲಭವಾಗಿ ಮಡಚಿಕೊಂಡರೆ ಚೆನ್ನಾಗಿ ನೀರುಣಿಸಿ.

ಇನ್ನು ಹೂವು. ಕಟಿಂಗ್‌ನಿಂದ ಬೆಳೆಸಿದರೆ ಎರಡು ಮೂರು ವರ್ಷವಾದರೂ ಕಾಯಬೇಕು. ನನ್ನ ಬಳ್ಳಿ ಮೊದಲ ಸಲ ಹೂ ಬಿಟ್ಟು ಉದುರಿಸಿದಾಗ ಒಂದಿಂಚಿನ ಬೋಳು ಕಡ್ಡಿ ಉಳಿಯಿತು. ನೋಡಲು ಚೆಂದವಿಲ್ಲ ಅಂತ ಕತ್ತರಿ ಆಡಿಸಿದೆ. ಮುಂದಿನ ವರ್ಷ ಒಂದೂ ಹೂವಿಲ್ಲ! ಆ ಕಡ್ಡಿಯ ತುದಿಯಲ್ಲೇ ಮತ್ತೆ ಮತ್ತೆ ಮೊಗ್ಗು ಬರುತ್ತದೆ ಎಂದು ಆಮೇಲೆ ತಿಳಿಯಿತು. ಎಲೆಯಿಲ್ಲದೆ ಉದ್ದಕ್ಕೆ ಚಾಚುವ ಕುಡಿಯನ್ನೂ ಚಿವುಟಬೇಡಿ, ಅದು ಆಸರೆ ಹುಡುಕುತ್ತಿರುತ್ತದೆ. ತಂತಿ ಬಳೆಗೆ ಸುತ್ತಿಬಿಡಿ. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಿದರೆ ಉದುರಿಬಿಡಬಹುದು.

ಎಲೆ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿ.

ಹೂ ಅರಳಿದಾಗ ಮಕರಂದ ಅಂಟಂಟಾಗಿ ತೊಟ್ಟಿಕ್ಕುತ್ತದೆ, ಹಿಂದೆಯೇ ಇರುವೆ ಸಾಲು. ಕೆಳಗೊಂದು ಹಳೇ ಪೇಪರ್ ಹಾಸಿ. ಓದಿ ಮುಗಿದಿದ್ದರೆ ಈ ಪುರವಣಿಯೂ ಆದೀತು.