‘ಬನ್ನಿ’ ಎಂಬ ಮಾತಿನ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ಕಲಿಸುವ ಬಗೆ

ಗೌರಿ ಹಬ್ಬದ ಹಿಂದಿನ ದಿನ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು, ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು, ‘ಟೀಚರ್, ಯೂ ಕಮ್ ಟು ಮೈ ಹೋಮ್ ಟುಮಾರೋ’ ಎಂದಳು. ಅವಳ ಮನಸ್ಸಿನಲ್ಲಿ ಇದ್ದದ್ದು ‘ನಾಳೆ ನಮ್ಮನೆಗೆ ಬನ್ನಿ ಟೀಚರ್’ ಎಂಬ ಮಾತೇ. ಆದರೆ ‘ಬಾ’ ಎನ್ನದೆ ‘ಬನ್ನಿ’ ಎನ್ನುವುದರಲ್ಲಿ ಕನ್ನಡ ತೋರಿಸುವ ಮರ್ಯಾದೆ ‘ಕಮ್’ ಎಂಬ ಪದದೊಳಗೆ ಕಾಣೆಯಾಗಿತ್ತು. ಮಗುವಿನಲ್ಲಿ ವಿನಯಕ್ಕೆ ಕೊರತೆಯಿರಲಿಲ್ಲ. ಇಂಗ್ಲಿಷಿನಲ್ಲಿ ಆ ವಿನಯವನ್ನು ಎಲ್ಲಿ ಇಡಬೇಕೆಂಬುದನ್ನು ನಾವು ಹೇಳಿಕೊಟ್ಟಿರಲಿಲ್ಲ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಪಾಠ ಆರಂಭವಾಗುತ್ತದೆ. ಮಕ್ಕಳು ಬೇಗನೆ ಪದಗಳನ್ನು ಕಲಿಯುತ್ತಾರೆ, ಎದ್ದು ನಿಂತು ‘ಗುಡ್ ಮಾರ್ನಿಂಗ್ ಟೀಚರ್’ ಎಂದು ರಾಗವಾಗಿ ಹೇಳುತ್ತಾರೆ. ಆದರೆ ಒಬ್ಬರ ಮುಖ ನೋಡಿ ಕೇಳುವುದಕ್ಕೆ, ಕರೆಯುವುದಕ್ಕೆ, ನೋವಾಗದಂತೆ ಬೇಡವೆನ್ನುವುದಕ್ಕೆ ಬೇರೆಯೇ ಅಭ್ಯಾಸ ಬೇಕು.

ಆ ಅಭ್ಯಾಸವನ್ನು ಕನ್ನಡದಿಂದಲೇ ಆರಂಭಿಸಿ. ತಮ್ಮನ ಹತ್ತಿರ ಪೆನ್ನು ಕೇಳುವುದು ಹೇಗೆ, ಹೆಡ್‌ಮಾಸ್ಟರ ಹತ್ತಿರ ಕೇಳುವುದು ಹೇಗೆ ಎಂದು ಮಕ್ಕಳನ್ನೇ ಕೇಳಿ, ಅವರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಿರಿ. ‘ಪೆನ್ನು ಕೊಡು’, ‘ಪೆನ್ನು ಕೊಡಿ’, ‘ಸ್ವಲ್ಪ ಪೆನ್ನು ಕೊಡ್ತೀರಾ?’ ಎಂಬ ಮೂರೂ ಬರುತ್ತವೆ. ಮೊದಲೆರಡರ ವ್ಯತ್ಯಾಸವನ್ನು ಇಂಗ್ಲಿಷ್ ಕ್ರಿಯಾಪದ ತೋರಿಸಲಾರದು. ಹಿಂದೆ ಆ ಭಾಷೆಯಲ್ಲೂ ನಮ್ಮ ‘ನೀನು’ವಿನಂತೆ ‘ದೌ’ ಎಂಬ ಪದವಿತ್ತು. ಹದಿನೇಳನೇ ಶತಮಾನದ ಹೊತ್ತಿಗೆ ಅದು ಸಾಮಾನ್ಯ ಬಳಕೆಯಿಂದ ಸರಿದುಹೋಗಿ, ಎಲ್ಲರಿಗೂ ‘ಯೂ’ ಒಂದೇ ಉಳಿಯಿತು. ಆದ್ದರಿಂದ ಇಂಗ್ಲಿಷಿನ ಮರ್ಯಾದೆ ನಮ್ಮ ಮೂರನೆಯ ವಾಕ್ಯದ ದಾರಿಯನ್ನು ಹಿಡಿಯುತ್ತದೆ, ಅಂದರೆ ಅಪ್ಪಣೆಯನ್ನು ಪ್ರಶ್ನೆಯನ್ನಾಗಿ ಮಾಡುತ್ತದೆ. ‘ಕುಡ್ ಯೂ ಗಿವ್ ಮಿ ಎ ಪೆನ್, ಪ್ಲೀಸ್?’ ಎಂಬುದನ್ನು ‘ಸ್ವಲ್ಪ ಪೆನ್ನು ಕೊಡ್ತೀರಾ?’ ಎಂಬುದರ ಎದುರಿಗೇ ಬರೆದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

‘ಪ್ಲೀಸ್’ ಎಂದರೆ ‘ದಯವಿಟ್ಟು’ ಎಂದಷ್ಟೇ ಹೇಳಿ ಮುಗಿಸಬೇಡಿ. ನಮ್ಮ ಮನೆಗಳಲ್ಲಿ ಯಾರೂ ದಯವಿಟ್ಟು ನೀರು ಕೊಡಿ ಎನ್ನುವುದಿಲ್ಲ. ಆ ಪದ ಪಾದರಕ್ಷೆಗಳನ್ನು ಹೊರಗೆ ಬಿಡಿ ಎಂಬಂಥ ಫಲಕಗಳದ್ದು, ಅರ್ಜಿಗಳದ್ದು. ದಿನದ ಮಾತಿನಲ್ಲಿ ಆ ಕೆಲಸವನ್ನು ಮಾಡುವುದು ‘ಸ್ವಲ್ಪ’. ಇದನ್ನು ತಿಳಿದ ಮಗು ‘ಪ್ಲೀಸ್’ ಅನ್ನು ಸಂಕೋಚವಿಲ್ಲದೆ, ಪ್ರತಿದಿನ ಬಳಸುತ್ತದೆ. ‘ಕುಡ್’ ಮತ್ತು ‘ವುಡ್’ಗಳ ವ್ಯಾಕರಣ ಪ್ರೌಢಶಾಲೆಯವರೆಗೆ ಕಾಯಲಿ, ಈಗ ಇಡೀ ವಾಕ್ಯ ಬಾಯಿಗೆ ಬಂದರೆ ಸಾಕು.

ಭೇಟಿಯ ಮಾತುಗಳಲ್ಲಿ ಮೂರು ತಪ್ಪುಗಳನ್ನು ತಿದ್ದಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ರಾತ್ರಿ ಎಂಟು ಗಂಟೆಗೆ ಯಾರಾದರೂ ಮನೆಗೆ ಬಂದರೂ ಹೇಳಬೇಕಾದದ್ದು ‘ಗುಡ್ ಈವ್ನಿಂಗ್’. ‘ಗುಡ್ ನೈಟ್’ ಬೀಳ್ಕೊಡುವಾಗಿನ ಮಾತು. ‘ಊಟ ಆಯ್ತಾ?’ ಎಂದು ನಾವು ಅಕ್ಕರೆಯಿಂದ ಕೇಳುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಮಾತಾಡುವವರು ‘ಹೌ ಆರ್ ಯೂ?’ ಎನ್ನುತ್ತಾರೆ. ಇನ್ನು ಹೊರಡುವಾಗ ‘ಹೋಗ್ತೀನಿ’ ಎನ್ನಬಾರದೆಂದು ಹಿರಿಯರು ಕಲಿಸಿರುವುದರಿಂದ ನಮ್ಮ ಮಕ್ಕಳು ‘ಬರ್ತೀನಿ’ ಎನ್ನುತ್ತಾರೆ, ಅದನ್ನೇ ‘ಐ ವಿಲ್ ಕಮ್’ ಮಾಡುತ್ತಾರೆ. ಅದರ ಹಿಂದಿರುವ ಒಳ್ಳೆಯ ಸಂಸ್ಕಾರವನ್ನು ಮೆಚ್ಚಿಯೇ, ‘ಬೈ, ಸೀ ಯೂ ಟುಮಾರೋ’ ಎಂಬುದನ್ನು ಕೊಡಿ.

ಕರೆಯುವುದನ್ನು ಕಲಿಸಲು ದಸರೆಗಿಂತ ಒಳ್ಳೆಯ ಸಮಯವಿಲ್ಲ. ಹಳೆ ಮೈಸೂರಿನ ಕಡೆ ಗೊಂಬೆ ಕೂರಿಸುವ ಮನೆಗಳಲ್ಲಿ ನೆರೆಮನೆಯವರನ್ನು ಕರೆದು ಬರಲು ಮಕ್ಕಳನ್ನೇ ಕಳುಹಿಸುತ್ತಾರೆ. ‘ಸಂಜೆ ಗೊಂಬೆ ನೋಡೋಕೆ ಬರಬೇಕಂತೆ, ಅಮ್ಮ ಹೇಳಿದ್ರು’ ಎಂದು ಒಂದೇ ಉಸಿರಿಗೆ ಹೇಳಿ ಓಡುವ ಮಗುವಿಗೆ ಆಹ್ವಾನವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ. ತರಗತಿಯ ಮೂಲೆಯಲ್ಲಿ ಎರಡು ಬೆಂಚು ಜೋಡಿಸಿ ನಾಲ್ಕು ಗೊಂಬೆಗಳನ್ನು ಕೂರಿಸಿ, ಇಬ್ಬಿಬ್ಬರನ್ನು ಪಕ್ಕದ ತರಗತಿಗೆ ಕಳುಹಿಸಿ. ಬಾಗಿಲಲ್ಲಿ ನಿಂತು ‘ಎಕ್ಸ್‌ಕ್ಯೂಸ್ ಮಿ, ಮೇ ವಿ ಕಮ್ ಇನ್?’ ಎಂದು ಕೇಳಿ, ಒಳಗೆ ಹೋಗಿ ‘ವುಡ್ ಯೂ ಲೈಕ್ ಟು ಸೀ ಅವರ್ ಡಾಲ್ಸ್ ಟುಡೇ?’ ಎಂದು ಕರೆದು, ಯಾವ ಹೊತ್ತಿಗೆ ಎಂಬುದನ್ನೂ ಹೇಳಿ ಬರಲಿ. ‘ಬರಲೇಬೇಕು’ ಎಂಬ ನಮ್ಮ ಪ್ರೀತಿಯ ಒತ್ತಾಯವನ್ನು ‘ಯೂ ಮಸ್ಟ್ ಕಮ್’ ಎಂದರೆ ಹಿರಿಯರ ಮುಂದೆ ಅದು ಅಪ್ಪಣೆಯಂತೆ ಕೇಳಿಸಬಹುದು. ‘ಪ್ಲೀಸ್ ಡು ಕಮ್’ ಎಂಬುದರಲ್ಲಿ ಒತ್ತಾಯವೂ ಇದೆ, ವಿನಯವೂ ಇದೆ.

ಉತ್ತರ ಕೊಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಆಡಿಸಬೇಕು, ಏಕೆಂದರೆ ಹೆಚ್ಚು ಎಡವುವುದು ಇಲ್ಲಿಯೇ. ಬರಲಾಗದಿದ್ದರೆ ನಾವು ‘ನೋಡೋಣ’ ಎಂದು ಜಾರಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಮೊದಲು ಕರೆದದ್ದಕ್ಕೆ ಕೃತಜ್ಞತೆ, ಆಮೇಲೆ ಬರಲಾಗದ್ದಕ್ಕೆ ವಿಷಾದ: ‘ಥ್ಯಾಂಕ್ ಯೂ ಫಾರ್ ಇನ್‌ವೈಟಿಂಗ್ ಮಿ. ಐ ಆಮ್ ಸಾರಿ, ಐ ಕಾಂಟ್ ಕಮ್ ಟುಡೇ.’ ತಿಂಡಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಎರಡು ಸಲ ಬೇಡವೆಂದು ಮೂರನೆಯ ಸಲ ತೆಗೆದುಕೊಳ್ಳುವುದೇ ಮರ್ಯಾದೆ; ಇಂಗ್ಲಿಷಿನಲ್ಲಿ ಮಾತಾಡುವವರು ಮೊದಲ ‘ನೋ, ಥ್ಯಾಂಕ್ ಯೂ’ವನ್ನೇ ನಿಜವೆಂದು ನಂಬಿ ತಟ್ಟೆಯನ್ನು ಮುಂದಕ್ಕೆ ಸಾಗಿಸಬಹುದು. ಬೇಕಿದ್ದರೆ ‘ಯೆಸ್, ಪ್ಲೀಸ್’ ಎಂದು ಮೊದಲ ಸಲವೇ ಹೇಳುವ ಧೈರ್ಯ ಮಕ್ಕಳಿಗೆ ಬರಬೇಕು. ಈ ಆಟವನ್ನು ಖಾಲಿ ತಟ್ಟೆಯಲ್ಲಿ ಆಡಿಸದೆ, ನಿಜವಾದ ಕೋಡುಬಳೆ ಇಟ್ಟುಕೊಂಡು ಆಡಿಸಿ.