ಹೊಟ್ಟೆಯೊಳಗೆ ಮಸಿ ಉಳಿದ ಬಿಲ್ಲೆ

ಮೊದಲ ಬ್ಯಾಚ್ ಕುಲುಮೆಯಿಂದ ತೆಗೆದಾಗ ಬಿಲ್ಲೆಗಳು ಪೂರಿಯ ಹಾಗೆ ಉಬ್ಬಿದ್ದವು. ಒಂದನ್ನು ಮುರಿದು ನೋಡಿದೆ. ಅಂಚು ಬಿಳಿ, ನಡುವೆ ಬೂದು.

ನಾನು ಮಾಡಲು ಹೊರಟಿದ್ದು ಸಬ್‌ಸ್ಟ್ರೇಟ್, ಅಂದರೆ ಸರ್ಕ್ಯೂಟ್ ಕೂರಿಸುವ ತೆಳು ಸೆರಾಮಿಕ್ ಬಿಲ್ಲೆ. ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಶೆಡ್ಡು, ಸುತ್ತ ಫೌಂಡ್ರಿಗಳು. ಹಿಂಡಾಲ್ಕೋದ ಅಲ್ಯೂಮಿನಾ ಕಾರ್ಖಾನೆ ಇರುವ ಊರು ನಮ್ಮದು, ಬರೀ ಅಲ್ಯೂಮಿನಾದಲ್ಲೇ (ಅಂದರೆ ಅಲ್ಯೂಮಿನಿಯಂ ಆಕ್ಸೈಡ್) ಮಾಡಬಹುದಿತ್ತಲ್ವಾ ಅಂತ ಕೇಳುತ್ತಾರೆ. ಅದು ಗಟ್ಟಿಯಾಗಲು 1600 ಡಿಗ್ರಿಯ ಹತ್ತಿರ ಬೇಕು. ಬಿಲ್ಲೆಯ ಜೊತೆಗೇ ಸುಡಬೇಕಾದ ಸರ್ಕ್ಯೂಟ್ ಗೆರೆ ಬೆಳ್ಳಿಯದು, ಬೆಳ್ಳಿ 962ಕ್ಕೇ ಕರಗಿ ಹೋಗುತ್ತದೆ. ಟಂಗ್‌ಸ್ಟನ್ ಗೆರೆ ಹಾಕೋಣ ಅಂದರೆ ಹೈಡ್ರೋಜನ್ ಕುಲುಮೆ ಬೇಕು, ಅದು ನನ್ನ ಕೈಗೆ ಎಟುಕದ ಮಾತು.

ಅದಕ್ಕೇ ಗಾಜಿನ ಮೊರೆ ಹೋದೆ. ಬೋರೋಸಿಲಿಕೇಟ್ ಗಾಜಿನ ಪುಡಿ ಅರ್ಧಕ್ಕಿಂತ ತುಸು ಜಾಸ್ತಿ, ಉಳಿದದ್ದು ಅಲ್ಯೂಮಿನಾ. ಗಾಜು ಮೆತ್ತಗಾಗಿ ಅಲ್ಯೂಮಿನಾ ಕಾಳುಗಳ ಸಂದಿ ತುಂಬುತ್ತದೆ. 870 ಡಿಗ್ರಿಗೆ ಕೆಲಸ ಮುಗಿಯುತ್ತದೆ, ಬೆಳ್ಳಿ ಗೆರೆಯೂ ಜೊತೆಗೇ ಸುಡುತ್ತದೆ.

ಪುಡಿ, ಪಿವಿಬಿ ಎಂಬ ಪ್ಲಾಸ್ಟಿಕ್ ಅಂಟು, ಅದನ್ನು ಕರಗಿಸಲು ಎಥನಾಲ್, ಟೊಲುವಿನ್ ಎಲ್ಲ ಸೇರಿಸಿ ಬಾಲ್ ಮಿಲ್‌ನಲ್ಲಿ, ಅಂದರೆ ಗುಂಡುಗಳು ಉರುಳುವ ಡಬ್ಬಿಯಲ್ಲಿ, ಒಂದು ದಿನ ತಿರುಗಿಸಿ, ಮೈಲಾರ್ ಪ್ಲಾಸ್ಟಿಕ್ ಹಾಳೆಯ ಮೇಲೆ ಬ್ಲೇಡಿನಿಂದ ತೆಳುವಾಗಿ ಎಳೆದೆ. ಈ ತೆಳು ಪದರಕ್ಕೇ ಟೇಪ್ ಅನ್ನುವುದು. ಹದ ದೋಸೆ ಹಿಟ್ಟಿಗಿಂತ ತೆಳು. ಜುಲೈ ತಿಂಗಳು, ಬೆಳಗಾವಿಯ ಮಳೆ ಗೊತ್ತಲ್ಲ! ಎಥನಾಲ್ ಆರುವಾಗ ಟೇಪ್ ತಣ್ಣಗಾಗಿ ಗಾಳಿಯ ತೇವ ಎಳೆದುಕೊಂಡಿತು, ಮೇಲೆಲ್ಲ ಹಾಲಿನಂಥ ಕಲೆ. ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ನಿಧಾನ ಒಣಗಿಸಿದ ಮೇಲೆ ಸರಿಹೋಯಿತು. ಟೊಲುವಿನ್ ವಾಸನೆ ತಲೆಗೇರುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಹತ್ತಿರ ಬೆಂಕಿಯೂ ಬೇಡ.

ಟೇಪನ್ನು ಕತ್ತರಿಸಿ, ಪದರ ಜೋಡಿಸಿ, ಬಿಸಿ ಪ್ರೆಸ್‌ನಲ್ಲಿ ಒತ್ತುವುದು ಸುಲಭ. ಕಷ್ಟವೆಲ್ಲ ಸುಡುವುದರಲ್ಲಿ. ನಾನು ನಿಮಿಷಕ್ಕೆ 10 ಡಿಗ್ರಿಯಂತೆ ಸೀದಾ ಏರಿಸಿಬಿಟ್ಟಿದ್ದೆ, ಸುಮ್ನೆ ಅವಸರ. ಅಂಟು ಪೂರ್ತಿ ಉರಿದು ಹೋಗುವ ಮೊದಲೇ ಗಾಜು ಮೆತ್ತಗಾಗಿ ಬಾಗಿಲು ಹಾಕಿಕೊಂಡಿತು. ಮಸಿ ಒಳಗೇ ಉಳಿಯಿತು, ಅದರ ಗ್ಯಾಸ್ ಬಿಲ್ಲೆಯನ್ನು ಉಬ್ಬಿಸಿತು.

ಈಗ 500 ಡಿಗ್ರಿಯವರೆಗೆ ನಿಮಿಷಕ್ಕೆ 1 ಡಿಗ್ರಿ, ಅಲ್ಲಿ ಎರಡು ತಾಸು ನಿಲ್ಲಿಸುತ್ತೇನೆ. ಗಾಳಿ ಆಡುವಂತೆ ಕುಲುಮೆಯ ತೂತು ತೆರೆದಿರುತ್ತದೆ. ಮೊದಲು ಒಂದು ತುಂಡನ್ನು ಅಷ್ಟಕ್ಕೇ ಸುಟ್ಟು ತೂಗುತ್ತೇನೆ. ಹಾಕಿದ ಅಂಟಿನಷ್ಟು ತೂಕ ಇಳಿಯದಿದ್ದರೆ ಇನ್ನೊಂದು ತಾಸು. ಈ ನಡುವೆ ಕರೆಂಟ್ ಹೋದರೆ ಬೇಜಾರು, ಅಷ್ಟೇ. 870ರಲ್ಲಿ ಹೋದರೆ ಮಾತ್ರ ಬ್ಯಾಚೇ ಹೋಯಿತು.

ಸುಟ್ಟ ಬಿಲ್ಲೆಯ ಮೇಲೆ ಪೆನ್ನಿನ ಇಂಕು ಒಂದು ಹನಿ ಬಿಟ್ಟು ಒರೆಸುತ್ತೇನೆ. ನೀಲಿ ಉಳಿದರೆ ಮೈಯಲ್ಲಿ ತೆರೆದ ಸಣ್ಣ ತೂತುಗಳಿವೆ ಅಂತ ಅರ್ಥ. ಹೋದ ಬ್ಯಾಚಿನಲ್ಲಿ ನೀಲಿ ಉಳಿಯಲಿಲ್ಲ. 50 ಮಿಲಿಮೀಟರ್ ಬಿಲ್ಲೆ 43.5ಕ್ಕೆ ಕುಗ್ಗಿತ್ತು, ಆ ಲೆಕ್ಕಕ್ಕೆ ಬೆಳ್ಳಿ ಪೇಸ್ಟಿನ ಗೆರೆ ಅಚ್ಚೊತ್ತುವ ಸ್ಕ್ರೀನ್ ದೊಡ್ಡದು ಮಾಡಿಸಿದೆ. ಆದರೆ ಬೆಳ್ಳಿ ಗೆರೆ ಇರುವ ಕಡೆ ಮೂಲೆ ಇನ್ನೂ ಸ್ವಲ್ಪ ಏಳುತ್ತದೆ. ಬೆಳ್ಳಿ ಪೇಸ್ಟ್ ಕುಗ್ಗುವ ಹೊತ್ತೇ ಬೇರೆ, ಟೇಪ್ ಕುಗ್ಗುವ ಹೊತ್ತೇ ಬೇರೆ. ಮುಂದಿನ ಸಲ ಹಿಂಬದಿಗೂ ಗೆರೆ ಹಾಕಿ ನೋಡಬೇಕು.