ಡ್ರಮ್ ಖಾಲಿ ಮಾಡಿದರೆ ಸಾಲದು, ಒಳಮೈಯನ್ನು ಉಜ್ಜಬೇಕು
ನಲ್ಲಿ ನೀರು ಬರುವ ದಿನ ಡ್ರಮ್ ತುಂಬಿಸುವ ಮುನ್ನ ಅದರ ಒಳಮೈಯನ್ನು, ವಿಶೇಷವಾಗಿ ಹಳೆಯ ನೀರು ನಿಂತಿದ್ದ ಗೆರೆಯ ಮೇಲಿನ ನಾಲ್ಕು ಬೆರಳಗಲದ ಜಾಗವನ್ನು, ತೆಂಗಿನ ನಾರಿನಿಂದಲೋ ಗಟ್ಟಿ ಬ್ರಷ್‌ನಿಂದಲೋ ಒತ್ತಿ ಉಜ್ಜಿ, ತೊಳೆದ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿನ ಮೇಲೆ ಚೆಲ್ಲಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತತ್ತಿಯನ್ನು ಅಂಟಿಸುವುದು ನೀರಿನಂಚಿನ ತೇವದ ಗೋಡೆಗೆ. ಎಳ್ಳಿಗಿಂತ ಸಣ್ಣದಾದ, ಮಸಿಯ ಚುಕ್ಕಿಯಂತೆ ಕಾಣುವ ಆ ತತ್ತಿಗಳು ಡ್ರಮ್ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಏರಿದಾಗ ಒಡೆಯುತ್ತವೆ. ತತ್ತಿಯಿಂದ ಬಂದ ಮರಿ (ಲಾರ್ವಾ) ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಗೆ 7ರಿಂದ 10 ದಿನ ಸಾಕಾದ್ದರಿಂದ, ನೀರು ಕೂಡಿಡುವ ರಾಯಚೂರಿನ ಮನೆಗಳಲ್ಲಿ ವಾರಕ್ಕೊಮ್ಮೆ ಉಜ್ಜುವುದು ತಪ್ಪಬಾರದು. ಕೂಲರ್ ತೊಟ್ಟಿಗೂ ಇದೇ ಮಾತು. ಮಳೆ ಬಿದ್ದೊಡನೆ ಅದನ್ನು ಹಾಗೆಯೇ ಮೂಲೆಗೆ ತಳ್ಳುವವರೇ ಹೆಚ್ಚು. ಖಾಲಿ ಮಾಡಲಾಗದ ನೆಲದ ಹೌದಿಗೆ ಈ ಉಪಾಯ ನಡೆಯದು. ಅಲ್ಲಿ ಬಿಗಿಯಾದ ಮುಚ್ಚಳ ಅಥವಾ ಲಾರ್ವಾ ತಿನ್ನುವ ಗಪ್ಪಿ ಮೀನು ಬೇಕು. ಚರಂಡಿಯಲ್ಲಿ ಹುಟ್ಟಿ ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆಯೂ ಇದರಿಂದ ಕಡಿಮೆಯಾಗುವುದಿಲ್ಲ, ಅದಕ್ಕೆ ಸೊಳ್ಳೆಪರದೆಯೇ ಸರಿ.